ಅವ್ವನ ಎದೆಯ ತಂಬಿಗೆ



ಕನ್ನಿಸ್ವಾಮಿಗಳೇ, ಇಂದು ನಿಯಮದ ಮಾತಿಲ್ಲ, ನಮ್ಮ ಮನೆಯ ಸಂಗತಿ ಹೇಳುತ್ತೇನೆ.

ನಾವು ಕಲಬುರಗಿ ಕಡೆಯವರು, ಇಲ್ಲಿ ಕುಷಾಯಿಗೂಡದಲ್ಲಿ ನೆಲೆ ನಿಂತವರು. ಒಂದು ವರ್ಷ ನಾನು ಮಾಲೆ ಹಾಕಿದ ಎರಡನೇ ವಾರ ಅಪ್ಪ ತೀರಿಕೊಂಡರು. ಸೂತಕ, ಮಾಲೆ ತೆಗೆದೆ. ಅವ್ವ ಅಳಲಿಲ್ಲ. ಬಂದವರಿಗೆ ಚಾಪೆ, ನೀರು ಅಂತ ಓಡಾಡಿದಳು. "ಎಷ್ಟು ಗಟ್ಟಿ ಹೆಂಗಸು" ಅಂದರು ಜನ. ನನಗೂ ಹೆಮ್ಮೆಯೇ. ಒಂಬತ್ತನೇ ರಾತ್ರಿ ಎದೆ ಹಿಡಿದುಕೊಂಡು ಕೂತಳು. ಇಸಿಜಿ ನೋಡಿ ಹಾರ್ಟ್ ಅಟ್ಯಾಕ್ ಇರಬೇಕು ಅಂದರು. ಆಂಜಿಯೋಗ್ರಾಮ್ ಮಾಡಿದರೆ ಒಂದು ರಕ್ತನಾಳವೂ ಕಟ್ಟಿರಲಿಲ್ಲ.

ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದರು. ಕುತ್ತಿಗೆ ಸಣ್ಣದು, ಹೊಟ್ಟೆ ದೊಡ್ಡದು, ಥೇಟ್ ತಂಬಿಗೆ. ಜಪಾನಿನಲ್ಲಿ ಆಕ್ಟೋಪಸ್ ಹಿಡಿಯುವ ಮಡಕೆಗೆ ಟಾಕೊತ್ಸುಬೊ ಎನ್ನುತ್ತಾರಂತೆ. 1990ರಲ್ಲಿ ಅಲ್ಲಿನ ವೈದ್ಯರು ಈ ಕಾಯಿಲೆಗೂ ಅದೇ ಹೆಸರಿಟ್ಟರು. ದೊಡ್ಡ ಆಘಾತವಾದಾಗ ಅಡ್ರಿನಲಿನ್‌ನಂಥ ಹಾರ್ಮೋನು ರಕ್ತಕ್ಕೆ ನುಗ್ಗುತ್ತದೆ, ಹೃದಯದ ಎಡ ಕೆಳಕೋಣೆಯ ತುದಿ ಬಲ ಕಳೆದುಕೊಂಡು ಉಬ್ಬುತ್ತದೆ. ಐವತ್ತು ದಾಟಿದ ಹೆಂಗಸರಲ್ಲಿ ಹೆಚ್ಚು. ಬಹುಪಾಲು ಜನ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಅವ್ವನೂ ಚೇತರಿಸಿಕೊಂಡಳು.

ಆಸ್ಪತ್ರೆಯ ಬೆಂಚಿನ ಮೇಲೆ ನನಗೆ ದಶರಥ ನೆನಪಾದ. ಹುಡುಗನಾಗಿದ್ದಾಗ ಬಯಲಾಟದಲ್ಲಿ ಅವನು ರಾಮಾ ಎನ್ನುತ್ತ ಬಿದ್ದಾಗ, ದುಃಖಕ್ಕೆ ಯಾರಾದರೂ ಸಾಯುತ್ತಾರಾ ಅಂತ ನಕ್ಕಿದ್ದೆ. ಕವಿಗಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಪಂದಳದ ರಾಜಶೇಖರನೂ ಮಗನನ್ನು ಕಾಡಿಗೆ ಬಿಟ್ಟುಕೊಟ್ಟ ಅಪ್ಪನೇ. ಆದರೆ ಅವನು ಮಣಿಕಂಠನಿಗೆ ಗುಡಿ ಕಟ್ಟಿಸಿದ, ಒಡವೆ ಮಾಡಿಸಿದ ಎಂಬುದು ನಮ್ಮ ಕಥೆ. ಇವತ್ತಿಗೂ ಮಕರಸಂಕ್ರಮಣಕ್ಕೆ ಪಂದಳದಿಂದ ತಿರುವಾಭರಣ ಬೆಟ್ಟಕ್ಕೆ ಹೋಗುತ್ತದೆ, ಜೊತೆಗೆ ಎಷ್ಟೊಂದು ಜನ ನಡೆಯುತ್ತಾರೆ! ಆ ಅಪ್ಪನ ಭಾರವನ್ನು ಅವನೊಬ್ಬನ ತಲೆಯ ಮೇಲೆ ಬಿಡಬಾರದೆಂದೇ ನಡೆಯುತ್ತಾರೇನೋ ಅಂತ ನನಗನಿಸುತ್ತದೆ.

ನೀಲಿಮಲೆ ಹತ್ತುವಾಗ ಎದೆ ಹಿಡಿದರೆ ಮನಸ್ಸಿನ ಬೇಸರ ಅಂತ ನೀವೇ ತೀರ್ಮಾನ ಮಾಡಬೇಡಿ. ಹೊರಗಿನ ಲಕ್ಷಣ ನೋಡಿ ಇದು ಯಾವುದು ಅಂತ ಹೇಳಲಾಗದು. ಗುರುಸ್ವಾಮಿಗೆ ತಿಳಿಸಿ, ಅಪ್ಪಾಚಿಮೇಡಿನಲ್ಲಿ ಹೃದಯ ಚಿಕಿತ್ಸೆಯ ಕೇಂದ್ರವಿದೆ.

ಇನ್ನು ನಿಮ್ಮ ಜೊತೆಯ ಯಾವ ಸ್ವಾಮಿಯಾದರೂ ಸಾವಿನ ಕಾರಣಕ್ಕೆ ಮಾಲೆ ತೆಗೆದರೆ ಅವರ ಮನೆಗೆ ಹೋಗಿ. ಧೈರ್ಯ ಹೇಳಬೇಡಿ. ಹೋದವರ ಬಗ್ಗೆ ಕೇಳಿ. ನಮ್ಮ ಪಕ್ಕದ ಮನೆಯ ಅಕ್ಕ ಒಂದು ಸಂಜೆ ಅವ್ವನ ಹತ್ತಿರ ಕೂತು, "ಅಣ್ಣಾವ್ರಿಗೆ ಯಾವ ಪಲ್ಯ ಇಷ್ಟ ಇತ್ತು?" ಅಂತ ಕೇಳಿದರು.

"ಪುಂಡಿಪಲ್ಯ" ಅಂದ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ತುಂಬ ಹೊತ್ತು ಅತ್ತಳು.

ಸ್ವಾಮಿ ಶರಣಂ.