ಎಂ-ಫೋರ್ ಪಾಸಾದವನ ಲೆಕ್ಕ

ನಮ್ಮಕ್ಕನ ಮಗ ಕೆ.ಆರ್. ಪುರದ ನನ್ನ ಮನೆಯಲ್ಲೇ ಇದ್ದುಕೊಂಡು ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಓದ್ತಿದ್ದಾನೆ. ಈಗ ಮೂರನೇ ಸೆಮಿಸ್ಟರ್. ಹೋದ ತಿಂಗಳು ಒಂದು ರಾತ್ರಿ ಪಾತ್ರೆ ತೊಳೆಯುತ್ತಾ, ನನ್ನ ಮುಖ ನೋಡದೆ ಕೇಳಿದ: "ಮಾವ, ಇದರ ಜೊತೆಗೇ ಮ್ಯಾಥ್ಸ್‌ನಲ್ಲಿ ಇನ್ನೊಂದು ಡಿಗ್ರಿ ಮಾಡ್ಲಾ? ಅಪ್ಪಂಗೆ ಈಗಲೇ ಹೇಳ್ಬೇಡಿ. ಫೀಸು ನೀವು ಕಟ್ಟಿ, ಕೆಲಸ ಸಿಕ್ಕಮೇಲೆ ವಾಪಸ್ ಕೊಡ್ತೀನಿ."

ಹಾಗೆ ಮಾಡೋಕೆ ಈಗ ಅಡ್ಡಿಯೇನಿಲ್ಲ. 2022ರ ಏಪ್ರಿಲ್‌ನಲ್ಲಿ ಯುಜಿಸಿ ನಿಯಮ ಬದಲಿಸಿ, ಒಂದೇ ಕಾಲಕ್ಕೆ ಎರಡು ಪದವಿ ಓದಲು ಒಪ್ಪಿಗೆ ಕೊಟ್ಟಿತು. ಎರಡೂ ಕಾಲೇಜಿಗೇ ಹೋಗಿ ಓದುವುದಾದರೆ ತರಗತಿಯ ಸಮಯ ಒಂದರ ಮೇಲೊಂದು ಬೀಳಬಾರದು, ಅಷ್ಟೇ. ಒಂದು ಕಾಲೇಜಿನಲ್ಲಿ, ಇನ್ನೊಂದು ದೂರಶಿಕ್ಷಣ ಅಥವಾ ಆನ್‌ಲೈನ್‌ನಲ್ಲಿ ಎಂದರೆ ಇನ್ನೂ ಸಲೀಸು. ನಿಯಮ ಬಿಡುತ್ತೆ. ಆದರೆ ನಾನು ಬಿಡಲಿಲ್ಲ. "ಒಂದನ್ನ ನೆಟ್ಟಗೆ ಮುಗಿಸು ಮೊದ್ಲು" ಅಂದುಬಿಟ್ಟೆ.

ಹಾಗನ್ನುವಾಗ ನನ್ನ ತಲೆಯಲ್ಲಿದ್ದದ್ದು ಭಾವ. ತಿಪಟೂರಿನ ಕಡೆ ಮೂರೆಕರೆ ತೆಂಗಿನ ತೋಟ. ಕೊಬ್ಬರಿ ರೇಟು ಬಿದ್ದ ವರ್ಷ ಸಾಲ, ಎದ್ದ ವರ್ಷ ಬಡ್ಡಿ. ಅಂಥವರ ಮಗ ಒಂದು ಡಿಗ್ರಿ ಸಾಲದು ಅಂತ ಎರಡನೆಯದಕ್ಕೆ ಕೈ ಹಾಕುವುದು ಸರಿಯಾ? ಬೇರೆಯವರ ಬೆವರಲ್ಲಿ ಓದುವವನಿಗೆ, ಅನ್ನಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಓದುವ ಹಕ್ಕು ಇದೆಯಾ? ನನ್ನ ಪ್ರಶ್ನೆ ನನಗೇ ಬಹಳ ಘನವಾಗಿ ಕಂಡಿತು.

ಎರಡು ದಿನ ಬಿಟ್ಟು ಅವನು ಊಟಕ್ಕೆ ಕೂತಾಗ ಒಂದು ಲೆಕ್ಕ ತಂದ. "ಮಾವ, ಲಕ್ಷ ಪೇಮೆಂಟ್ ಆಗ್ತವೆ ಅಂದ್ಕೊಳ್ಳಿ. ಅದರಲ್ಲಿ ನೂರು ಮೋಸದವು. ಮೋಸ ಹಿಡಿಯೋ ಸಿಸ್ಟಮ್ಮು ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿ ಹೇಳುತ್ತೆ. ಈಗ ಅದು ಒಂದು ಪೇಮೆಂಟನ್ನ ಹಿಡಿದು ನಿಲ್ಲಿಸಿದ್ರೆ, ಅದು ನಿಜವಾಗ್ಲೂ ಮೋಸ ಆಗಿರೋ ಸಾಧ್ಯತೆ ಎಷ್ಟು?"

ತೊಂಬತ್ತೊಂಬತ್ತು ಪರ್ಸೆಂಟು ಅಂದೆ. ಹುಡುಗ ನಕ್ಕ. ಪೇಪರಿನ ಮೇಲೆ ಬರೆದು ತೋರಿಸಿದ. ನೂರು ಮೋಸದಲ್ಲಿ 99 ಸಿಕ್ಕಿಬೀಳುತ್ತವೆ, ನಿಜ. ಆದರೆ ಉಳಿದ 99,900 ಸಾಚಾ ಪೇಮೆಂಟುಗಳಲ್ಲೂ ನೂರಕ್ಕೊಂದರಂತೆ ತಪ್ಪಾಗಿ 999 ಸಿಕ್ಕಿಬೀಳುತ್ತವೆ. ಒಟ್ಟು ನಿಲ್ಲಿಸಿದ್ದು 1,098, ಅದರಲ್ಲಿ ಮೋಸದವು ಬರೀ 99. ಅಂದರೆ ನಿಲ್ಲಿಸಿದ ಹನ್ನೊಂದರಲ್ಲಿ ಹತ್ತು ಪಾಪದವರದ್ದು.

ಊಟ ಮುಂದಕ್ಕೆ ಹೋಗಲಿಲ್ಲ. ಯಾಕೆಂದರೆ ಹೆಚ್ಚುಕಮ್ಮಿ ಅಂಥದ್ದೇ ಸಿಸ್ಟಮ್ಮಿನ ಕೋಡ್ ನಾನು ಬರೆದಿದ್ದೇನೆ. ಹಿಂದೆ ಇದ್ದ ಒಂದು ಕಂಪನಿಯಲ್ಲಿ. ಆಗ ಶಿವಾಜಿನಗರದ ಒಂದು ಬಳೆ ಅಂಗಡಿಯವರ ದೂರು ನನ್ನ ಹೆಸರಿಗೆ ಬಂದಿತ್ತು: ರಂಜಾನ್ ಮುಂದಿದೆ, ಮೂರು ದಿನದಿಂದ ದುಡ್ಡು ತಡೆಹಿಡಿದಿದ್ದೀರಿ, ಮಾಲು ತರೋಕಾಗ್ತಿಲ್ಲ ಅಂತ. ನಾನು ಲಾಗ್ ನೋಡಿದೆ. ಸಿಸ್ಟಮ್ಮು ಹೇಳಿದಂತೆಯೇ ನಡೆದುಕೊಂಡಿತ್ತು. 'ಸರಿಯಾಗೇ ಕೆಲಸ ಮಾಡುತ್ತಿದೆ' ಅಂತ ಬರೆದು ಟಿಕೆಟ್ ಮುಚ್ಚಿದೆ. ಹನ್ನೊಂದರಲ್ಲಿ ಹತ್ತರ ಲೆಕ್ಕ ನನಗೆ ಹೊಳೆಯಲೇ ಇಲ್ಲ. ಅಂಗಡಿ ಯಾವುದು ಅಂತ ಇವತ್ತಿಗೂ ಗೊತ್ತಿಲ್ಲ. ರಸೆಲ್ ಮಾರ್ಕೆಟ್ ಕಡೆ ಹೋದಾಗ ಬಳೆ ಅಂಗಡಿಗಳ ಮುಂದೆ ಸ್ವಲ್ಪ ಬೇಗ ನಡೆಯುತ್ತೇನೆ.

ಇದು ಬೇಯ್ಸ್ ಥಿಯರಂ. ವಿಟಿಯುನಲ್ಲಿ ಓದಿದವರಿಗೆ ಎಂ-ಫೋರ್ ಅಂದರೆ ಸಾಕು, ಬಾಯಿ ಒಣಗುತ್ತೆ. ನಮ್ಮ ಕಾಲದಲ್ಲಿ ಎಂಟು ಪ್ರಶ್ನೆಯಲ್ಲಿ ಐದು ಬರೆಯಬೇಕಿತ್ತು, ಒಂದೊಂದಕ್ಕೆ ಇಪ್ಪತ್ತು ಮಾರ್ಕ್ಸು. ಹಳೇ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಇಟ್ಕೊಂಡು ಸ್ಟೆಪ್ಪುಗಳನ್ನೇ ಉರು ಹೊಡೆದಿದ್ದೆ. ಬೇಯ್ಸ್ ಸೂತ್ರವನ್ನು ತಪ್ಪಿಲ್ಲದೆ ಬರೆದಿದ್ದೆ ಕೂಡ. ಆ ಸೂತ್ರಕ್ಕೂ ಬಳೆ ಅಂಗಡಿಗೂ ಸಂಬಂಧ ಇರಬಹುದು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹಾಗಾದರೆ ತಪ್ಪು ಯಾರದ್ದು? ಆಫೀಸಿನಲ್ಲಿ ಇದಕ್ಕೆ ಸಿದ್ಧ ಉತ್ತರ ಇದೆ: ಮಿತಿ ಎಷ್ಟಿರಬೇಕು ಅಂತ ಹೇಳಿದ್ದು ಬೇರೆ ಟೀಮು, ನಾನು ಹೇಳಿದ್ದನ್ನ ಬರೆದೆ. ಬಹಳ ವರ್ಷ ಇದನ್ನೇ ನಂಬಿಕೊಂಡು ನಿದ್ದೆ ಮಾಡಿದ್ದೇನೆ. ಗೊತ್ತಿಲ್ಲದೆ ಮಾಡಿದ್ದು ಪಾಪವಲ್ಲ ಅಂತ ನಮ್ಮಜ್ಜಿ ಕೂಡ ಅನ್ನೋಳು. ಆದರೆ ತಿಳಿದುಕೊಳ್ಳಲಿ ಅಂತಲೇ ಸಂಬಳ ಕೊಟ್ಟು ಕೂರಿಸಿದವನು 'ಗೊತ್ತಿರಲಿಲ್ಲ' ಅಂದರೆ ಅಜ್ಜಿ ಒಪ್ಪುತ್ತಿದ್ದಳಾ? ಸೇತುವೆ ಕಟ್ಟುವವನಿಗೆ ಭಾರದ ಲೆಕ್ಕ ಬರಲ್ಲ ಅಂದರೆ ಟಿನ್ ಫ್ಯಾಕ್ಟರಿ ಹತ್ತಿರದ ತೂಗುಸೇತುವೆ ಮೇಲೆ ನಾವ್ಯಾರೂ ಹೋಗಲ್ಲ. ಕೋಡ್ ವಿಷಯದಲ್ಲಿ ಮಾತ್ರ ನಾವು ಬಲು ಧಾರಾಳಿಗಳು.

ಅಷ್ಟಕ್ಕೂ ಇವೆರಡನ್ನು ಎರಡು ಡಿಗ್ರಿ ಅಂತ ಬೇರೆ ಮಾಡಿದ್ದೇ ಇತ್ತೀಚೆಗೆ. ಅಲನ್ ಟ್ಯೂರಿಂಗ್ 1936ರಲ್ಲಿ ತನ್ನ ಯಂತ್ರವನ್ನು ಕಲ್ಪಿಸಿಕೊಂಡಿದ್ದು ಕಂಪ್ಯೂಟರ್ ಮಾರೋಕಲ್ಲ, ಗಣಿತದ್ದೇ ಒಂದು ಪ್ರಶ್ನೆಗೆ ಉತ್ತರ ಹುಡುಕೋಕೆ. ಇನ್ನೂ ಹಿಂದೆ, ಹನ್ನೆರಡನೇ ಶತಮಾನದ ನಮ್ಮ ರಾಜಾದಿತ್ಯ ಕನ್ನಡದಲ್ಲಿ ಬರೆದ ಗಣಿತದ ಪುಸ್ತಕದ ಹೆಸರೇ 'ವ್ಯವಹಾರಗಣಿತ'. ನಮ್ಮ ಬಿಎಸ್ಸಿ ಕಾಲೇಜುಗಳಲ್ಲೂ ಫಿಸಿಕ್ಸ್, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್ ಸೇರಿಸಿ ಪಿಎಂಸಿಎಸ್ ಅಂತ ಎಷ್ಟೋ ವರ್ಷ ಓದಿಸಿದರು. ಬಿಇ ಸೀಟು ಸಿಗದವರು ಸೇರೋದು ಅಂತ ನಾವು ಅದನ್ನ ಹಗುರವಾಗಿ ನೋಡಿದ್ವಿ.

ಇಷ್ಟೆಲ್ಲ ಯೋಚಿಸಿ, ಮೆತ್ತಗಾಗಿ, ಹುಡುಗನನ್ನು ಕೇಳಿದೆ: "ನಿಂಗೆ ಮ್ಯಾಥ್ಸ್ ಯಾಕೆ ಬೇಕೋ?" ಸತ್ಯ, ಜ್ಞಾನ ಅಂತ ಏನೋ ಹೇಳ್ತಾನೆ ಅಂದುಕೊಂಡಿದ್ದೆ. "ಇಂಟರ್ವ್ಯೂನಲ್ಲಿ ಎರಡು ಡಿಗ್ರಿ ಇದ್ರೆ ಎದ್ದು ಕಾಣುತ್ತೆ ಮಾವ. ಮತ್ತೆ, ಲೆಕ್ಕ ಮಾಡೋವಾಗ ಖುಷಿಯಾಗುತ್ತೆ" ಅಂದ. ಮೊದಲ ಕಾರಣ ಕೇಳಿ ನನಗೆ ಬೇಜಾರಾಯಿತು. ಆ ಬೇಜಾರು ಎಷ್ಟು ಅನ್ಯಾಯದ್ದು ಅಂತ ಗೊತ್ತಾಗಿದ್ದು ಮರುದಿನ ಇಂದಿರಾನಗರಕ್ಕೆ ಮೆಟ್ರೋದಲ್ಲಿ ನಿಂತು ಹೋಗುವಾಗ. ನಾನು ಬಿಇ ಸೇರಿದ್ದು ಯಾವ ಜ್ಞಾನದಾಹದಿಂದ? ಸಂಬಳಕ್ಕೆ. ನನ್ನ ತಪ್ಪಿಗೆ ಅವನಿಂದ ಪ್ರಾಯಶ್ಚಿತ್ತ ಮಾಡಿಸೋಕೆ ಹೊರಟಿದ್ದೆ, ಅದೂ ಮಡಿಯಲ್ಲಿ. ದುಡ್ಡಿರುವ ಮನೆಯ ಮಕ್ಕಳನ್ನು ಯಾಕೆ ಓದ್ತೀಯ ಅಂತ ಯಾರೂ ಕೇಳಲ್ಲ.

ಗುಟ್ಟಾಗಿ ಫೀಸು ಕಟ್ಟೋದು ಮಾತ್ರ ಆಗಲ್ಲ ಅಂದೆ. ಭಾನುವಾರ ಇಬ್ಬರೂ ಸೇರಿ ಊರಿಗೆ ಫೋನ್ ಮಾಡಿದ್ವಿ. ದುಡ್ಡಿನ ಮಾತು ಬರುತ್ತೆ ಅಂತ ಉತ್ತರ ರೆಡಿ ಮಾಡ್ಕೊಂಡಿದ್ದೆ. ಭಾವ ಕೇಳಿದ್ದು ಬೇರೆಯೇ: "ಅವ್ನು ರಾತ್ರಿ ಎಷ್ಟೊತ್ಗೆ ಮಲಗ್ತಾನೆ?" ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಎರಡೂವರೆಗೆ ಅಂತ ಹುಡುಗನೇ ಒಪ್ಪಿಕೊಂಡ. "ಅಟ್ಟದ ಮೇಲಿನ ಕೊಬ್ಬರಿ ವರ್ಷಗಟ್ಲೆ ಕಾಯಿಸುತ್ತೆ, ಬೇಗ ಇಳಿಸಿದ್ರೆ ಹಸಿ ಇರುತ್ತೆ. ಮುಂದಿನ ವರ್ಷ ಸೇರ್ಕೊಳ್ಲಿ, ಫೀಸು ನಾನೇ ನೋಡ್ಕೊತೀನಿ" ಅಂದರು ಭಾವ.

ಅಲ್ಲಿವರೆಗೆ ಭಾನುವಾರ ಬೆಳಿಗ್ಗೆ ಇಬ್ಬರೂ ಪ್ರಾಬಬಿಲಿಟಿ ಓದೋದು ಅಂತ ಆಗಿದೆ. ಮೊದಲ ವಾರ ನಾನು ಎರಡನೇ ಲೆಕ್ಕದಲ್ಲೇ ಸಿಕ್ಕಿಹಾಕಿಕೊಂಡೆ. ಅವನು ಉತ್ತರ ಹೇಳಿಕೊಡಲಿಲ್ಲ. ಕಾಫಿಗೆ ಹಾಲು ತರ್ತೀನಿ ಅಂತ ಎದ್ದು ಹೋದ.