ಹಣೆಬರಹ ಮತ್ತು ಆರ್.ಎನ್.ಎ.

ಹಣೆಬರಹ ಅನ್ನುವ ಮಾತನ್ನು ನಮ್ಮ ಕೇರಿಗಳ ಮೇಲೆ ಹೇರಿದವರು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಜೀತಕ್ಕೆ ಬಿದ್ದರೆ ಹಣೆಬರಹ, ಕೂಸು ಸತ್ತರೆ ಹಣೆಬರಹ, ಕೆರೆ ನೀರು ಮುಟ್ಟಬಾರದು ಅಂದರೂ ಹಣೆಬರಹ. ಬರೆದವನು ಕಾಣಲಿಲ್ಲ, ಬರಹವೂ ಕಾಣಲಿಲ್ಲ. ಓದಿ ಹೇಳುವವನು ಮಾತ್ರ ದಕ್ಷಿಣೆ ಇಸಕೊಂಡು ಎದುರಿಗೇ ಕೂತಿದ್ದ. ಈಗ ಅದೇ ಮಾತು ಪ್ಯಾಂಟು ಹಾಕಿಕೊಂಡು ಬಂದಿದೆ. 'ಅದೆಲ್ಲ ಅವರ ಡಿ.ಎನ್.ಎ.ಯಲ್ಲೇ ಇದೆ ಬಿಡ್ರಿ' ಅನ್ನುತ್ತಾರೆ ಓದಿದ ಜನ. ಮೀಸಲಾತಿಯ ಮಾತು ಬಂದ ಕೂಡಲೆ 'ಬುದ್ಧಿ ರಕ್ತದಲ್ಲಿ ಬರಬೇಕು' ಅನ್ನುವವರನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಡಿ.ಎನ್.ಎ. ಅಂದರೇನು, ಅದನ್ನು ಓದಿಸುವ ಆರ್.ಎನ್.ಎ. ಅಂದರೇನು ಅನ್ನೋದನ್ನು ಪ್ರಯೋಗಾಲಯದವರಿಗೆ ಬಿಟ್ಟು ಸುಮ್ಮನೆ ಕೂರುವ ಹಾಗಿಲ್ಲ.

ತಾಲ್ಲೂಕು ಕಚೇರಿಯ ರೆಕಾರ್ಡು ರೂಮು ನಮಗೆಲ್ಲ ಗೊತ್ತು. ಮೂಲ ಕಡತ ಅಲ್ಲೇ ಇರುತ್ತದೆ, ಹೊರಗೆ ಬರೋದಿಲ್ಲ. ಬೇಕಾದ ಪುಟದ ನಕಲು ತೆಗೆದು ಕೊಡುತ್ತಾರೆ. ಕೆಲಸ ನಡೆಯೋದು ಆ ನಕಲಿನ ಮೇಲೆ. ಜೀವಕೋಶದಲ್ಲೂ ಹೆಚ್ಚುಕಮ್ಮಿ ಹೀಗೇ. ಡಿ.ಎನ್.ಎ. ಮೂಲ ಕಡತ, ಆರ್.ಎನ್.ಎ. ನಕಲು. ಆ ನಕಲನ್ನು ನೋಡಿಕೊಂಡು ಕೋಶ ಪ್ರೋಟೀನನ್ನು ಕಟ್ಟುತ್ತದೆ. ಇಂಥ ಸಂದೇಶವಾಹಕ ಆರ್.ಎನ್.ಎ. ಇದೆ ಅನ್ನೋದನ್ನು 1961ರಲ್ಲಿ ಬ್ರೆನ್ನರ್, ಜೇಕಬ್, ಮೆಸೆಲ್ಸನ್ ಪ್ರಯೋಗ ಮಾಡಿ ತೋರಿಸಿದರು. ಕಣ್ಣಿನ ಕೋಶ, ಪಿತ್ತಕೋಶದ ಪಕ್ಕದ ಯಕೃತ್ತಿನ ಕೋಶ, ಎರಡರಲ್ಲೂ ಇರುವ ಕಡತ ಒಂದೇ. ಒಂದು ಕಣ್ಣಾಯಿತು, ಒಂದು ಯಕೃತ್ತಾಯಿತು. ಯಾಕೆ? ಎಲ್ಲಿ ಯಾವ ಪುಟದ ನಕಲು ತೆಗೆದರು, ಯಾವುದನ್ನು ಮುಚ್ಚಿಟ್ಟರು ಅನ್ನೋದರಿಂದ.

ಈ ನಕಲಿನ ಅಕ್ಷರಗಳನ್ನು ಓದೋದನ್ನು ಜಗತ್ತಿಗೆ ಕಲಿಸಿದವರಲ್ಲಿ ಹರಗೋಬಿಂದ ಖುರಾನ ಒಬ್ಬರು. ಪ್ರಯೋಗಾಲಯದಲ್ಲೇ ಆರ್.ಎನ್.ಎ. ಎಳೆ ನೇಯ್ದು, ಯಾವ ಮೂರು ಅಕ್ಷರಕ್ಕೆ ಯಾವ ಅಮೈನೋ ಆಮ್ಲ ಅನ್ನೋದನ್ನು ಬಿಡಿಸಿದರು. ನೀರೆನ್‌ಬರ್ಗ್, ಹಾಲಿ ಅವರ ಜೊತೆ 1968ರಲ್ಲಿ ನೊಬೆಲ್ ಬಂತು. ಅವರು ಹುಟ್ಟಿದ್ದು ಈಗ ಪಾಕಿಸ್ತಾನದಲ್ಲಿರುವ ರಾಯ್‌ಪುರ ಅನ್ನುವ, ನೂರು ಜನರ ಒಂದು ಹಳ್ಳಿಯಲ್ಲಿ. ಅಪ್ಪ ನಮ್ಮ ಕಡೆಯ ಶಾನುಭೋಗರ ಹಾಗೆ ಕಂದಾಯದ ಲೆಕ್ಕ ಬರೆಯುವ ಪಟವಾರಿ. ಊರಿನಲ್ಲಿ ಅಕ್ಷರ ಬಲ್ಲ ಮನೆ ಹೆಚ್ಚುಕಮ್ಮಿ ತಮ್ಮದೊಂದೇ ಅಂತ ಖುರಾನರೇ ಬರೆದುಕೊಂಡಿದ್ದಾರೆ. ಬಡತನದಲ್ಲೂ ಮಕ್ಕಳನ್ನು ಓದಿಸಿದ ಆ ಅಪ್ಪನ ಬಗ್ಗೆ ನಮಗೆ ಗೌರವವಿದೆ. ಆದರೆ ಉಳಿದ ಮನೆಗಳನ್ನು ನೆನೆಯದೆ ಇರೋದು ಹೇಗೆ? ಒಂದು ಮನೆಗೆ ಅಕ್ಷರ ಸಿಕ್ಕಿದ್ದಕ್ಕೆ ಜೀವದ ಲಿಪಿಯೇ ಬಿಡಿಸಿಕೊಂಡಿತು. ಉಳಿದ ಮನೆಗಳಲ್ಲಿ ಎಂಥೆಂಥ ಕಣ್ಣುಗಳಿದ್ದವೋ, ಅವು ಹೊಲ ಕಾದು, ದನ ಕಾದು ಮಣ್ಣಾದವು. ಬುದ್ಧಿ ರಕ್ತದಲ್ಲಿ ಬರುತ್ತೆ ಅನ್ನುವವರು ಮೊದಲು ಈ ಲೆಕ್ಕ ಒಪ್ಪಿಸಲಿ.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯ. 1990ರ ಸುಮಾರಿಗೆ ಅಮೆರಿಕದಲ್ಲಿ ಜಾರ್ಗೆನ್ಸೆನ್, ನಪೋಲಿ ಮತ್ತು ಅವರ ಜೊತೆಯವರು ನೇರಳೆ ಬಣ್ಣದ ಪೆಟುನಿಯಾ ಹೂವನ್ನು ಇನ್ನಷ್ಟು ಗಾಢ ಮಾಡಬೇಕು ಅಂತ ಬಣ್ಣದ ಜೀನನ್ನೇ ಇನ್ನೊಂದು ಸಲ ಗಿಡಕ್ಕೆ ಸೇರಿಸಿದರು. ಎಷ್ಟೋ ಗಿಡಗಳಲ್ಲಿ ಹೂವು ಬಿಳಿಚಿಕೊಂಡು ಅರಳಿತು! ಬಣ್ಣದ ಜೀನು ಒಂದಕ್ಕೆ ಎರಡಾಗಿದೆ, ಬಣ್ಣವೇ ಇಲ್ಲ. 1998ರಲ್ಲಿ ಫೈರ್, ಮೆಲ್ಲೊ ಒಂದು ಮಿಲಿಮೀಟರಿನಷ್ಟೇ ಉದ್ದದ ಹುಳುವಿನಲ್ಲಿ ಇದರ ಮರ್ಮ ಹಿಡಿದರು. ಜೋಡಿ ಎಳೆಯ ಆರ್.ಎನ್.ಎ. ಒಳಗೆ ಬಂದರೆ ಕೋಶ ಅದನ್ನು ತುಂಡುತುಂಡು ಮಾಡಿ, ಆ ತುಂಡಿಗೆ ಹೊಂದುವ ನಕಲು ಎಲ್ಲಿದೆ ಅಂತ ಹುಡುಕಿ ನಾಶ ಮಾಡುತ್ತದೆ. ಜೀನು ಇದ್ದಲ್ಲೇ ಇರುತ್ತದೆ, ಬಾಯಿ ಕಟ್ಟಿರುತ್ತದೆ. ಗಿಡ, ಹುಳು, ಮನುಷ್ಯ ಎಲ್ಲರ ಒಳಗೂ ಇದರದೇ ಬಗೆಯ ವ್ಯವಸ್ಥೆ ಇದೆ.

ಇದನ್ನು ಕೇಳಿ ನಮ್ಮ ಕೆಲವು ಗೆಳೆಯರು ಹಿಗ್ಗುತ್ತಾರೆ. ನೋಡಿ, ಹುಟ್ಟೇ ಎಲ್ಲ ಅಲ್ಲ ಅಂತ ವಿಜ್ಞಾನವೇ ಹೇಳಿಬಿಟ್ಟಿತು, ಮನುವಿನ ಗೋರಿ ತೋಡಿತು ಅನ್ನುತ್ತಾರೆ. ಹಿಗ್ಗು ಸಹಜವೇ, ಆದರೆ ನಮಗೆ ಈ ದಾರಿ ಒಪ್ಪಿಗೆಯಿಲ್ಲ. ಜಾತಿ ಅನ್ನೋದು ಯಾವ ಜೀನಿನಲ್ಲೂ ಇಲ್ಲ. ಆದ್ದರಿಂದ ಯಾವ ಆರ್.ಎನ್.ಎ.ಯೂ ಅದನ್ನು ಅಳಿಸಲಾರದು. ಅದು ಇರೋದು ಬಾವಿಕಟ್ಟೆಯಲ್ಲಿ, ಪಹಣಿಯಲ್ಲಿ, ಮದುವೆ ಚಪ್ಪರದಲ್ಲಿ. ಅದಕ್ಕಿಂತ ಮುಖ್ಯ, ಸಮಾನತೆಯನ್ನು ಜೀವವಿಜ್ಞಾನದ ಗೂಟಕ್ಕೆ ಕಟ್ಟಿದರೆ ನಾಳೆ ಯಾವನೋ ಬಂದು, ಈ ಗುಂಪಿಗೂ ಆ ಗುಂಪಿಗೂ ಇಷ್ಟು ಅಕ್ಷರ ವ್ಯತ್ಯಾಸ ಸಿಕ್ಕಿದೆ ಅಂದಾಗ ನಾವು ಬಾವಿಯಿಂದ ಹಿಂದೆ ಸರಿದು ನಿಲ್ಲಬೇಕೇನು? ಬಾಬಾಸಾಹೇಬರು 1936ರ 'ಜಾತಿವಿನಾಶ'ದಲ್ಲಿ ಈ ಗಂಟನ್ನು ಆಗಲೇ ಬಿಚ್ಚಿದ್ದಾರೆ. ಜಾತಿ ರಕ್ತಶುದ್ಧಿಯನ್ನು ಕಾಪಾಡುತ್ತೆ ಅನ್ನುವ ವಾದವನ್ನು ಅವರು ಮೊದಲು ಮುರಿಯುತ್ತಾರೆ. ಆಮೇಲೆ, ಮನುಷ್ಯರು ಮೈಯ ಅನುವಂಶೀಯತೆಯಲ್ಲಿ, ಸಮಾಜದಿಂದ ಬಂದ ಬಳುವಳಿಯಲ್ಲಿ, ಸ್ವಂತ ಶ್ರಮದಲ್ಲಿ ಒಂದೇ ಸಮ ಇಲ್ಲದಿರಬಹುದು ಅಂತ ಒಪ್ಪಿಕೊಂಡೇ, ಅದಕ್ಕಾಗಿ ಅವರನ್ನು ಅಸಮಾನವಾಗಿ ನಡೆಸಿಕೊಳ್ಳಬೇಕೆ ಅಂತ ಕೇಳುತ್ತಾರೆ. ವಿಜ್ಞಾನ ಏನೇ ಕಂಡುಹಿಡಿಯಲಿ, ಆ ಪ್ರಶ್ನೆ ಅಲ್ಲಾಡೋದಿಲ್ಲ.

ಹಾಗಾದರೆ ಆರ್.ಎನ್.ಎ.ಗೂ ನಮಗೂ ಏನು ಸಂಬಂಧ? ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ ಹೋದರೆ ಗೊತ್ತಾಗುತ್ತದೆ. ಅಲ್ಲಿನ ಕೆಲವು ಮನೆಗಳಲ್ಲಿ ಕುಡಗೋಲು ಕಣ ರೋಗ ಇದೆ. ಸಿಕಲ್ ಸೆಲ್ ಅಂತ ಆಸ್ಪತ್ರೆಯವರು ಹೇಳೋದು ಇದಕ್ಕೇ. ದೇಶದ ಉದ್ದಗಲ ಎಷ್ಟೋ ಆದಿವಾಸಿಗಳನ್ನು, ದಲಿತರನ್ನು ಕಾಡುವ ರೋಗ. ರಕ್ತದ ಹಿಮೋಗ್ಲೋಬಿನ್ ಕಟ್ಟುವ ಕಡತದಲ್ಲಿ ಒಂದೇ ಒಂದು ಅಕ್ಷರ ಬದಲು. ನಕಲಿನಲ್ಲಿ ಜಿ.ಎ.ಜಿ. ಅಂತ ಇರಬೇಕಾದ್ದು ಜಿ.ಯು.ಜಿ. ಅಂತ ಬರುತ್ತದೆ. ಅಪ್ಪನಿಂದಲೂ ಅಮ್ಮನಿಂದಲೂ ಅದೇ ಅಕ್ಷರ ಬಂದರೆ ದುಂಡಗಿರಬೇಕಾದ ರಕ್ತಕಣ ಕುಡಗೋಲಿನ ಹಾಗೆ ಬಾಗುತ್ತದೆ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆ ಮೂಳೆಯೂ ನೋಯುತ್ತದೆ. ಇದಕ್ಕೂ ಪೂರ್ವಜನ್ಮದ ಪಾಪ ಅಂತ ಹೆಸರಿಟ್ಟವರುಂಟು. ಪಾಪವಾದರೂ ಎಂಥದ್ದು? ಒಬ್ಬ ತಂದೆ ಅಥವಾ ಒಬ್ಬ ತಾಯಿಯಿಂದ ಮಾತ್ರ ಆ ಅಕ್ಷರ ಪಡೆದ ಮಗುವನ್ನು ಮಾರಕ ಮಲೇರಿಯಾ ಅಷ್ಟಾಗಿ ಬಾಧಿಸೋದಿಲ್ಲ ಅಂತ 1954ರಲ್ಲೇ ಆಲಿಸನ್ ಆಫ್ರಿಕದಲ್ಲಿ ತೋರಿಸಿದರು. ಸೊಳ್ಳೆಯ ಕಾಡುಗಳಲ್ಲಿ ಬಾಳಿದ ಜನಕ್ಕೆ ಅದು ಗುರಾಣಿ. ದೋಷ ಅಂತ ನಾವು ಬಾಯಿ ತುಂಬ ಹೇಳುವ ಅಕ್ಷರ, ಅವರ ಎಷ್ಟೋ ಮಕ್ಕಳನ್ನು ಉಳಿಸಿದ ಅಕ್ಷರ.

ಈ ರೋಗಕ್ಕೆ ಈಗ ಆರ್.ಎನ್.ಎ.ಯೇ ದಾರಿ ತೋರಿಸುತ್ತಿದೆ. ಕ್ರಿಸ್ಪರ್ ಅನ್ನುವ ವಿಧಾನದಲ್ಲಿ ಒಂದು ಸಣ್ಣ ಆರ್.ಎನ್.ಎ. ಕತ್ತರಿಯ ಕೈ ಹಿಡಿದು, ಕಡತದಲ್ಲಿ ಸರಿಯಾದ ಜಾಗಕ್ಕೆ ಕರೆದೊಯ್ಯುತ್ತದೆ. ಹೊಟ್ಟೆಯಲ್ಲಿರುವಾಗ ಮಗುವಿಗೆ ಬೇರೆ ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಮೇಲೆ ಅದು ನಿಲ್ಲುತ್ತದೆ. ಅದನ್ನು ನಿಲ್ಲಿಸುವ ಬೀಗವನ್ನು ಮುರಿದರೆ ಆ ರಕ್ತ ಮತ್ತೆ ಹರಿಯುತ್ತದೆ, ಕಣ ಬಾಗೋದಿಲ್ಲ. ಕ್ಯಾಸ್ಜೆವಿ ಅನ್ನುವ ಹೆಸರಿನ ಈ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ನು, ಅಮೆರಿಕ ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಇಟ್ಟ ಬೆಲೆ 22 ಲಕ್ಷ ಡಾಲರ್; ಆಗಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ. ದಿನಕ್ಕೆ 400 ರೂಪಾಯಿ ಕೂಲಿ, ವರ್ಷಕ್ಕೆ 300 ದಿನ ಕೆಲಸ ಅಂತ ಹಿಡಿದರೂ ಒಬ್ಬ ಕೂಲಿಯಾಳು ಹೊಟ್ಟೆಗೆ ತಿನ್ನದೆ 1500 ವರ್ಷ ದುಡಿಯಬೇಕು. ಬ್ರಹ್ಮ ಬರೆದದ್ದನ್ನು ತಿದ್ದಬಹುದು ಅಂತಾಯಿತು, ಆದರೆ ತಿದ್ದುವ ಕೈಗೆ ಕೊಡುವ ದಕ್ಷಿಣೆ ಇಷ್ಟು.

ವಿಜ್ಞಾನಕ್ಕೆ ಇದೇ ಹಣೆಬರಹ ಅಂತ ಮಾತ್ರ ಯಾರೂ ತಿಳಿಯಬೇಡಿ. ಹವಾಯಿಯಲ್ಲಿ ಪರಂಗಿ ತೋಟಗಳನ್ನು ವೈರಸ್ಸು ನುಂಗುತ್ತಿದ್ದಾಗ ಡೆನಿಸ್ ಗೊನ್ಸಾಲ್ವೆಸ್ ಮತ್ತು ಸಂಗಡಿಗರು ವಿಶ್ವವಿದ್ಯಾಲಯಗಳಲ್ಲಿ ಕೂತು, ವೈರಸ್ಸಿನದೇ ಒಂದು ಜೀನನ್ನು ಗಿಡಕ್ಕೆ ಸೇರಿಸಿ ಅದನ್ನು ತಡೆದರು. ಪೆಟುನಿಯಾದಲ್ಲಿ ಬಣ್ಣದ ಬಾಯಿ ಕಟ್ಟಿದ ಆರ್.ಎನ್.ಎ. ಕೆಲಸವೇ ಇಲ್ಲಿ ವೈರಸ್ಸಿನ ಬಾಯಿ ಕಟ್ಟಿತು. 1998ರಲ್ಲಿ ಆ ಬೀಜವನ್ನು ರೈತರಿಗೆ ಪುಕ್ಕಟೆ ಹಂಚಿದರು. ಒಂದೇ ತಿಳಿವಳಿಕೆ, ಒಂದು ಕಡೆ ಬೀಜವಾಗಿ ಕೈಗೆ ಬಂತು, ಇನ್ನೊಂದು ಕಡೆ 18 ಕೋಟಿಯಾಗಿ ಪೆಟ್ಟಿಗೆಯಲ್ಲಿ ಕೂತಿತು.

ನಮ್ಮ ದೇಶದಲ್ಲಿ 2023ರ ಜುಲೈ 1ರಂದು ಈ ರೋಗವನ್ನು ತೊಲಗಿಸುವ ರಾಷ್ಟ್ರೀಯ ಯೋಜನೆ ಶುರುವಾಯಿತು: 7 ಕೋಟಿ ಜನರ ರಕ್ತ ಪರೀಕ್ಷೆ, 2047ರ ಗಡುವು. 2025ರ ನವೆಂಬರಿನಲ್ಲಿ ದೆಹಲಿಯ ಸರ್ಕಾರಿ ಪ್ರಯೋಗಾಲಯವೊಂದು ಕಟ್ಟಿದ ಕ್ರಿಸ್ಪರ್ ಚಿಕಿತ್ಸೆಗೆ ಬಿರ್ಸಾ 101 ಅಂತ ಹೆಸರಿಟ್ಟರು. ನೆಲಕ್ಕಾಗಿ ಕಾದಾಡಿ 1900ರಲ್ಲಿ ರಾಂಚಿಯ ಜೈಲಿನಲ್ಲಿ ಸತ್ತ ಬಿರ್ಸಾ ಮುಂಡಾನ ಹೆಸರು. ಹೆಸರು ದೊಡ್ಡದೇ. ಪೋಡಿಗೆ ಬರುವ ಹೊತ್ತಿಗೆ ಅದರ ಬೆಲೆ ಎಷ್ಟಾಗಿರುತ್ತೆ ಅನ್ನೋದನ್ನು ಬಿರ್ಸಾನ ಜನ ಕೇಳಬೇಕಲ್ಲವೆ? ಅದು ಬರುವ ತನಕ ಹೈಡ್ರಾಕ್ಸಿಯೂರಿಯಾ ಅನ್ನುವ ಹಳೆಯ, ಅಗ್ಗದ ಮಾತ್ರೆ ಇದೆ. ಅದೂ ಅದೇ ಹುಟ್ಟುವ ಮುಂಚಿನ ಹಿಮೋಗ್ಲೋಬಿನ್ನನ್ನು ಹೆಚ್ಚಿಸಿ ನೋವನ್ನು ತಗ್ಗಿಸುತ್ತದೆ. ದಿನಾ ನುಂಗಬೇಕು, ಆಗಾಗ ರಕ್ತ ನೋಡಿಸಬೇಕು, ಅಷ್ಟೆ. ಅಷ್ಟಕ್ಕೂ ಬೆಟ್ಟ ಇಳಿದು ಬರುವ ಬಸ್ಸು ಬೇಕು.

ಪರೀಕ್ಷೆ ಆದವರ ಕೈಗೆ ಒಂದು ಕಾರ್ಡು ಬರುತ್ತದೆ. ಮದುವೆಗೆ ಮುಂಚೆ ಜಾತಕ ಕೂಡಿಸದಿದ್ದರೂ ಈ ಕಾರ್ಡು ಕೂಡಿಸಿ ಅನ್ನೋದು ಸರ್ಕಾರದ ಬುದ್ಧಿವಾದ. ಜಾತಕಕ್ಕಿಂತ ಕಾರ್ಡು ನಿಜ, ಒಪ್ಪೋಣ. ಆದರೆ ಜಾತಕ ಓದಿ ಓದಿ ಪಳಗಿದ ಕಣ್ಣು ಕಾರ್ಡನ್ನೂ ಹಾಗೇ ಓದಿದರೆ, ಕುಜದೋಷದ ಹುಡುಗಿಯ ಹಾಗೆ ಇವಳೂ ಮೂಲೆಗೆ ಬೀಳುತ್ತಾಳೆ. ಹಳ್ಳಿಯಲ್ಲಿ ಕಾರ್ಡು ಓದಿ ಹೇಳಿ ಅಂತ ಜನ ಬರೋದು ಮೇಷ್ಟ್ರ ಹತ್ತಿರ. ವಾಹಕ ಅಂದರೆ ರೋಗಿ ಅಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾದಾಗ ಮಾತ್ರ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ರೋಗ ಬರುವ ಸಂಭವ. ಅದರಲ್ಲಿ ಗಂಡಸಿನ ಪಾಲೂ ಹೆಂಗಸಿನ ಪಾಲೂ ಸರಿಸಮ. ಇಷ್ಟನ್ನು ಆ ತಾಯಿಗೆ ತಿಳಿಯುವ ಮಾತಿನಲ್ಲಿ ಹೇಳಿ. ಹಾಗೇ ಆ ಪೋಡಿಗೆ ಮಾತ್ರೆ ಹೋದದ್ದು ಯಾವಾಗ ಅಂತ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಬನ್ನಿ.