ಚುಚ್ಚಿದ ಸೂಜಿ, ಯಾರ ತಪ್ಪು?

‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದವರೇ. ತಪ್ಪು ಮಾಡಿದವನೇ ಅದರ ಫಲ ಉಣ್ಣಬೇಕೆಂಬ ಈ ನ್ಯಾಯ ಎಲ್ಲೆಡೆಯೂ ನಡೆಯುವುದೇ? ಆಸ್ಪತ್ರೆಯ ಒಂದು ವಾರ್ಡಿನಲ್ಲಿ ಈ ಪ್ರಶ್ನೆ ನಮ್ಮನ್ನು ಕಾಡಿತು.

ನಮ್ಮ ತಾಯಿಯವರು ಶಸ್ತ್ರಚಿಕಿತ್ಸೆಗೆಂದು ಮುಂಬಯಿಯ ಒಂದು ಆಸ್ಪತ್ರೆಯಲ್ಲಿದ್ದರು. ರಾತ್ರಿ ಪಾಳಿಯ ನರ್ಸ್ ಉಡುಪಿ ಕಡೆಯ ಹೆಣ್ಣುಮಗಳು. ಪರವೂರಿನಲ್ಲಿ ಕನ್ನಡದ ದನಿ ಕೇಳಿದರೆ ನಮಗೆ ಎಲ್ಲಿಲ್ಲದ ಸಲುಗೆ. ಆಕೆ ಪಕ್ಕದ ಹಾಸಿಗೆಯ ರೋಗಿಗೆ ಇಂಜೆಕ್ಷನ್ ಕೊಟ್ಟು ಸೂಜಿಗೆ ಮುಚ್ಚಳ ಹಾಕುತ್ತಿದ್ದಾಗ, “ಸಿಸ್ಟರ್, ಅಮ್ಮನ ಸಲೈನ್ ಮುಗಿಯಿತು, ಸ್ವಲ್ಪ ಬೇಗ ಬನ್ನಿ” ಎಂದು ನಾವು ಕೂಗಿದೆವು. ಆಕೆ ತಿರುಗಿ ನೋಡಿದರು. ಸೂಜಿ ಎಡಗೈ ಹೆಬ್ಬೆರಳಿಗೆ ಇಳಿಯಿತು. ಸೋಪು ಹಚ್ಚಿ ನೀರಿನಲ್ಲಿ ತೊಳೆದುಕೊಂಡು ಬಂದವರು, “ಏನಿಲ್ಲ ಸರ್, ನನ್ನದೇ ತಪ್ಪು. ಯಾರಿಗೂ ಹೇಳಬೇಡಿ, ಮೆಮೋ ಕೊಡುತ್ತಾರೆ” ಎಂದರು.

ಮೆಮೋ ಎಂದರೇನೆಂದು ಕೇಂದ್ರ ಸರಕಾರದ ಗುಮಾಸ್ತರಾದ ನಮಗೆ ತಿಳಿಯದುದಲ್ಲ. ಫೈಲಿನಲ್ಲಿ ತಪ್ಪಿಗೆ ಒಂದು ಹೆಸರು ಸಿಕ್ಕರೆ ವಿಚಾರಣೆ ಮುಗಿದಂತೆಯೇ. ‘ಅಜಾಗರೂಕತೆ’ ಎಂದು ಒಂದು ಮಾತು ಬರೆದರೆ ಉಳಿದವರೆಲ್ಲ ನಿರ್ದೋಷಿಗಳು. ಆದರೆ ಕೂಗಿದವರು ನಾವು. ಅಷ್ಟು ರೋಗಿಗಳಿಗೆ ಒಬ್ಬರನ್ನೇ ಇರಿಸಿದವರು ಬೇರೊಬ್ಬರು. ಸೂಜಿ ಹಾಕುವ ಡಬ್ಬಿಯನ್ನು ವಾರ್ಡಿನ ಆ ತುದಿಯಲ್ಲಿಟ್ಟವರು ಇನ್ನೊಬ್ಬರು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದೆಂಬುದು ಆಕೆಗೂ ಗೊತ್ತು. ಡಬ್ಬಿ ದೂರವಿದ್ದಾಗ ಬರಿಯ ಸೂಜಿ ಹಿಡಿದು ಹಾಸಿಗೆಗಳ ನಡುವೆ ನಡೆಯುವುದಾದರೂ ಹೇಗೆ?

“ನಾವೂ ಜೊತೆಗೆ ಬರುತ್ತೇವೆ, ಕೂಗಿದವರು ನಾವೆಂದು ಹೇಳುತ್ತೇವೆ” ಎಂದು ಒತ್ತಾಯಿಸಿದ ಮೇಲೆ ಆಕೆ ಡ್ಯೂಟಿ ಡಾಕ್ಟರರ ಬಳಿಗೆ ಹೊರಟರು. ಅಲ್ಲಿ ತಿಳಿದುದಿಷ್ಟು: ರೋಗಿಯ ರಕ್ತದಲ್ಲಿ ಸೋಂಕಿದ್ದರೆ, ಇಂಥ ಒಂದು ಗಾಯದಿಂದ ಎಚ್.ಐ.ವಿ. ತಗಲುವ ಸಂಭವ ಸಾವಿರಕ್ಕೆ ಸುಮಾರು 3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ 6ರಿಂದ 30. ಎಚ್.ಐ.ವಿ. ತಡೆಯುವ ಔಷಧಿಯನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳೊಳಗೆ ಆರಂಭಿಸಿ 28 ದಿನ ಸೇವಿಸಬೇಕು. ಹಾಗಿದ್ದ ಮೇಲೆ, ಗಾಯವನ್ನು ಮುಚ್ಚಿಡುವಂತೆ ಮಾಡುವ ಮೆಮೋ ಸೂಜಿಗಿಂತ ಕಡಿಮೆ ಅಪಾಯದ್ದೇನಲ್ಲ. ಆಕೆಗೆ ಲಸಿಕೆ ಮೊದಲೇ ಆಗಿತ್ತು. ಮುಂದಿನ ಪರೀಕ್ಷೆಗಳಲ್ಲಿಯೂ ಸೋಂಕು ಕಾಣಲಿಲ್ಲ. ಆದರೆ ಆ ಪರೀಕ್ಷೆಗಳಿಗಾಗಿ ಕಾದ ತಿಂಗಳುಗಳ ಕಳವಳವನ್ನು ಉಂಡವರು ಆಕೆ, ನಾವಲ್ಲ.

ಕಸ ಎತ್ತುವವರ ಪಾಡು ಇನ್ನೂ ಕಷ್ಟದ್ದು. ಡಬ್ಬಿಗೆ ಹೋಗಬೇಕಾದ ಸೂಜಿ ಚೀಲಕ್ಕೆ ಬಿದ್ದರೆ, ಅದು ಯಾವ ರೋಗಿಯದೆಂದು ಅವರಿಗೆ ತಿಳಿಯುವ ಬಗೆಯೇ ಇಲ್ಲ. ಚೂಪಾದ ವಸ್ತುಗಳನ್ನು ಸೂಜಿ ತೂರದ ಬಿಳಿಯ ಡಬ್ಬಿಯಲ್ಲಿಯೇ ಹಾಕಬೇಕು, ಅದನ್ನು ನಿರ್ವಹಿಸುವವರಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ಲಸಿಕೆ ಕೊಡಿಸಬೇಕು ಎಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುತ್ತವೆ. ನಿಯಮವೇನೋ ಇದೆ, ಡಬ್ಬಿ ಕೈಗೆಟಕುವಲ್ಲಿ ಇರಬೇಕಷ್ಟೆ.

‘ಜಾಗ್ರತೆಯಿಂದಿರಿ’ ಎಂದು ಹೇಳುವುದಕ್ಕೆ ಖರ್ಚಿಲ್ಲ. ದಣಿದ ಕೈ ಒಮ್ಮೆ ತಪ್ಪಿದರೂ ಗಾಯವಾಗದಂತೆ ಏರ್ಪಾಡು ಮಾಡುವುದೇ ನಿಜವಾದ ಜವಾಬ್ದಾರಿ ಎಂದು ನಮಗೆ ತೋರುತ್ತದೆ. ಅದರಲ್ಲಿ ನಮ್ಮ ಪಾಲೂ ಉಂಟು. ಸೂಜಿ ಹಿಡಿದವರನ್ನು ಕೂಗಿ ಅವಸರಪಡಿಸದಿರೋಣ. ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರಿದ್ದರೆ, ಆ ಸೂಜಿಯನ್ನು ಬರಿಯ ಕಸದ ಚೀಲಕ್ಕೆ ಎಸೆಯದೆ ಗಟ್ಟಿ ಡಬ್ಬಿಯಲ್ಲಿ ಕೂಡಿಡೋಣ. ನಾವು ಮಾಡಿದ್ದನ್ನು ನಾವೇ ಉಣ್ಣುವುದಾದರೆ ಚಿಂತೆಯಿಲ್ಲ. ನಾವು ಮುಖ ನೋಡದ ಯಾರೋ ಅದನ್ನು ಉಣ್ಣುವಂತೆ ಆಗಬಾರದು.